ನೋವು ತಿನ್ನುವುದು

ಬಸುರಿ ಬಾಣಂತಿಯರ ವಿಷಯವಾಗಿ ಮಾತನಾಡುವಾಗ ನಮ್ಮ ಕಡೆಯ ಹೆಂಗಸರು ನೋವನ್ನು 'ಅನುಭವಿಸಿದಳು' ಎನ್ನುವುದಿಲ್ಲ, 'ತಿಂದಳು' ಎನ್ನುತ್ತಾರೆ. "ಎರಡು ದಿನ ನೋವು ತಿಂದಳು, ಪಾಪ" ಎಂಬ ಮಾತನ್ನು ಕೇಳದವರು ಯಾರು? ಈ ಪ್ರಯೋಗದ ಔಚಿತ್ಯ ನೋವು ತಿಂದವರಿಗೆ ಚೆನ್ನಾಗಿ ತಿಳಿಯುತ್ತದೆ. ತಿನ್ನುವುದೆಂದರೆ ತುತ್ತು ತುತ್ತಾಗಿ ಅಲ್ಲವೆ? ಒಂದು ತುತ್ತಿಗೂ ಮತ್ತೊಂದಕ್ಕೂ ನಡುವೆ ಉಸಿರಾಡುವುದಕ್ಕೆ ಎಡೆಯುಂಟು. ಹಲ್ಲುನೋವಿಗೆ ಆ ಎಡೆಯಿಲ್ಲ. ಸುಟ್ಟ ಗಾಯಕ್ಕೂ ಇಲ್ಲ. ಹೆರಿಗೆಯ ಬೇನೆಯೊಂದು ಮಾತ್ರ ಬಂದು, ಏರಿ, ಇಳಿದು, ನಮ್ಮನ್ನು ಸ್ವಲ್ಪ ಹೊತ್ತು ನಮ್ಮ ಪಾಡಿಗೆ ಬಿಟ್ಟು ಮತ್ತೆ ಬರುತ್ತದೆ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವನ್ನು ಎತ್ತಬಹುದೇ ಎಂದು ಹುಬ್ಬೇರಿಸುವವರು ಇದ್ದಾರು. ಸೀಮಂತಕ್ಕೆ ಹಸಿರು ಬಳೆ ತೊಡಿಸುತ್ತೇವೆ. ಹೂ ಮುಡಿಸಿ, ಮಡಿಲು ತುಂಬಿ, ಆರತಿಯೆತ್ತುತ್ತೇವೆ. ಆದರೆ ಆ ಹುಡುಗಿಗೆ ಮುಂದೆ ಬರತಕ್ಕ ಒಂದು ರಾತ್ರಿಯ ವಿಷಯವಾಗಿ ಒಂದು ಮಾತನ್ನೂ ಹೇಳದೆ ಕಳುಹಿಸಿಬಿಡುತ್ತೇವೆ. ಅವಳಾಗಿ ಕೇಳಿದರೆ "ಎಲ್ಲರೂ ಹೆರುವುದಿಲ್ಲವೇನೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಉತ್ತರವಲ್ಲ, ಬಾಯಿ ಮುಚ್ಚಿಸುವ ಉಪಾಯ. ನನಗೀಗ ಎಪ್ಪತ್ತು ದಾಟಿದೆ. ಸಂಕೋಚಪಡುವ ವಯಸ್ಸು ಕಳೆದುದರಿಂದ ನಾನಾದರೂ ಹೇಳುತ್ತೇನೆ.

ನನ್ನ ಚೊಚ್ಚಲ ಹೆರಿಗೆಯಾದುದು 1971ರ ಮಾಗಿಯಲ್ಲಿ, ತವರುಮನೆಯಲ್ಲಿ. ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೋಗುವ ರಸ್ತೆಯಿದೆಯಷ್ಟೆ, ಅದರ ಮಗ್ಗುಲಿಗೆ ನಮ್ಮೂರು. ಆಗ ದಿನಕ್ಕೆ ಎರಡು ಸಲ ಬಸ್ಸು ಬರುತ್ತಿದ್ದಿತು. ರಾತ್ರಿಯ ಹೊತ್ತು ಪೇಟೆಗೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ. ಆದುದರಿಂದ ಬೇನೆ ಕಾಣಿಸಿದ ಕೂಡಲೆ ನಮ್ಮಪ್ಪ ಆಳನ್ನು ಕಳುಹಿಸಿ ಸೂಲಗಿತ್ತಿಯನ್ನು ಕರೆಸಿದರು. ಊರೆಲ್ಲ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದಿತು. ನನ್ನನ್ನೂ ನನ್ನ ತಮ್ಮನನ್ನೂ ಭೂಮಿಗೆ ಇಳಿಸಿಕೊಂಡವಳು ಅವಳೇ.

ಬಂದವಳು ನನ್ನ ಹೊಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಹೊಸ್ತಿಲ ಬಳಿ ಕುಳಿತು ಎಲೆಯಡಿಕೆಯ ಚೀಲ ಬಿಚ್ಚಿದಳು. ಅಷ್ಟೆ. ಗಂಟೆ ಎರಡಾಯಿತು, ಮೂರಾಯಿತು. ನಮ್ಮಮ್ಮನಿಗೆ ತಡೆಯಲಾಗಲಿಲ್ಲ.

"ಏನಾದರೂ ಮಾಡು ಅಜ್ಜೀ, ಸುಮ್ಮನೆ ಕೂತಿದ್ದೀಯಲ್ಲ!"

"ಏನವ್ವಾ ಮಾಡೋದು? ಕಾಯ ಗುದ್ದಿದ್ರೆ ಹಣ್ಣಾಯ್ತದಾ?"

ಆ ಸುಮ್ಮನೆ ಕುಳಿತುಕೊಳ್ಳುವುದರಲ್ಲಿಯೇ ಅವಳ ವಿದ್ಯೆಯ ಅರ್ಧಭಾಗ ಇದ್ದಿತೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಉಳಿದರ್ಧವೂ ದೊಡ್ಡದೇನಲ್ಲ. ಮಲಗಿದ್ದ ನನ್ನನ್ನು ಎಬ್ಬಿಸಿ ತೊಟ್ಟಿಯ ಸುತ್ತ ನಡೆಸಿದಳು. ಬೇನೆ ಬಂದಾಗ ಕಂಬವನ್ನು ತಬ್ಬಿ ನಿಲ್ಲಿಸಿ, ಬೆಚ್ಚಗೆ ಮಾಡಿದ ಹರಳೆಣ್ಣೆಯಿಂದ ಸೊಂಟವನ್ನು ಅಂಗೈಯಲ್ಲಿ ಒತ್ತಿ ನೀವಿದಳು. ಬೇನೆ ಇಳಿದಾಗ ಒಂದು ಗುಟುಕು ಗಂಜಿ ಕುಡಿಸಿದಳು. ಹಂಡೆಯ ಬಿಸಿನೀರನ್ನು ಸೊಂಟದ ಮೇಲೆ ಹೊಯ್ಯಿಸಿದಳು. ಆ ನೀರಿನ ಸುಖವನ್ನು ಈ ಐವತ್ತು ವರ್ಷಗಳಲ್ಲಿ ನಾನು ಮರೆತಿಲ್ಲ.

ಪ್ರತಿಯೊಂದು ಬೇನೆ ಇಳಿದ ಮೇಲೂ ಅವಳು ಒಂದೇ ಮಾತು ಹೇಳುತ್ತಿದ್ದಳು: "ಇದು ಹೋಯ್ತು ಕಣ್ ಮಗಾ. ಇದೇ ನೋವು ಮತ್ತೆ ಬರಾಕಿಲ್ಲ. ಬರೋದು ಬ್ಯಾರೆ." ಎಷ್ಟು ಸಣ್ಣ ಮಾತು! ಆದರೆ ನೋವಿನ ನಡುವೆ ನಿಂತವಳಿಗೆ ಅದು ಲೆಕ್ಕವನ್ನೇ ಬದಲಾಯಿಸುತ್ತದೆ. ಇನ್ನೂ ಎಷ್ಟು ಉಳಿದಿದೆಯೆಂದು ಎಣಿಸತೊಡಗಿದರೆ ಎದೆಯೊಡೆಯುತ್ತದೆ. ಹೋದುದು ಹೋಯಿತೆಂದರೆ ಮುಂದಿನದೊಂದನ್ನು ಎದುರಿಸಬಹುದು. ಹೆದರಿದವಳು ಎರಡು ಬೇನೆಗಳ ನಡುವಣ ಬಿಡುವನ್ನೂ ಮುಂದಿನ ಬೇನೆಯ ಭಯದಿಂದ ತುಂಬಿಕೊಳ್ಳುತ್ತಾಳೆ. ಅವಳಿಗೆ ಬಿಡುವೇ ಇರುವುದಿಲ್ಲ. ಅಜ್ಜಿ ಕಾಪಾಡಿದುದು ಆ ಬಿಡುವನ್ನು.

ಜಗಲಿಯ ಮೇಲೆ ಗಂಡಸರಿದ್ದರು. ಸದ್ದು ಹೊರಗೆ ಕೇಳಬಾರದೆಂದು ನಮ್ಮ ದೊಡ್ಡಮ್ಮ ನನ್ನ ಬಾಯಿಗೆ ಸೆರಗನ್ನು ತುರುಕಿದರು. ಹಲ್ಲು ಕಚ್ಚಿಕೊಂಡು ಸದ್ದಿಲ್ಲದೆ ಹೆತ್ತವಳೇ ಗಟ್ಟಿಗಿತ್ತಿ ಎಂಬ ಹೊಗಳಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಅಜ್ಜಿ ಸೆರಗನ್ನು ಕಿತ್ತು ಆಚೆಗೆಳೆದಳು. "ಕೇಳ್ಲಿ ಬಿಡು. ಕೇಳಿದ್ರೆ ಗಂಡಸರ ಕಿವಿ ಉದುರಾಕಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಗಂಟಲಾಗೆ ಕಿರುಚಬ್ಯಾಡ, ಹೊಟ್ಟೆಯಿಂದ ಮುಲುಗು" ಎಂದು ತಾನೇ 'ಹೂಂ' ಎಂದು ಮುಲುಗಿ ತೋರಿಸಿದಳು. ಕಿರುಚಿದರೆ ಭುಜ, ದವಡೆ, ತೊಡೆಯೆಲ್ಲ ಬಿಗಿಯುತ್ತವೆ. ಉಸಿರನ್ನು ನೀಳವಾಗಿ ಹೊರಬಿಡುತ್ತ ತಗ್ಗಿದ ದನಿಯಲ್ಲಿ ಮುಲುಗಿದರೆ ಮೈ ಸಡಿಲುತ್ತದೆ. ಬೇಕಾದವರು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಅದಕ್ಕೆ ಬಸುರಿಯೇ ಆಗಿರಬೇಕೆಂದಿಲ್ಲ.

ಬೆಳಗಿನ ಜಾವಕ್ಕೆ ನನಗೆ ತಿಣುಕಬೇಕೆನ್ನಿಸಿತು. ಅಜ್ಜಿ ನೋಡಿ, "ಇನ್ನೂ ಬಾಗಿಲು ಪೂರಾ ತೆಗೆದಿಲ್ಲ, ತಡಿ. ದೀಪ ಆರಿಸೋ ಹಂಗೆ ಊದು" ಎಂದಳು. ಊದಿದೆ. ಬೇನೆ ಬಂದಾಗಲೆಲ್ಲ ಊದಿದೆ. ಅದರಷ್ಟು ಕಷ್ಟವಾದುದನ್ನು ನಾನು ಮಾಡಿದ್ದೇ ಇಲ್ಲ. ಆಮೇಲೊಂದು ಗಳಿಗೆಯಲ್ಲಿ, "ಈಗ ನಿನ್ನ ಹೊಟ್ಟೆ ಹೇಳ್ದಂಗೆ ಕೇಳು" ಎಂದು ನನ್ನನ್ನು ಕುಕ್ಕುರುಗಾಲಿನಲ್ಲಿ ಕೂರಿಸಿ, ತೊಲೆಗೆ ಕಟ್ಟಿದ್ದ ಹಗ್ಗವನ್ನು ಕೈಗೆ ಕೊಟ್ಟಳು. ನಾನು ತಿಣುಕಿದೆನೆಂದು ಹೇಳುವುದು ತಪ್ಪಾದೀತು. ತಿಣುಕಿದುದು ಮೈ, ನಾನು ಅದರ ಜೊತೆಗೆ ಹೋದೆ. ಕೂಸಿನ ನೆತ್ತಿ ಕಾಣಿಸಿದಾಗ ಅವಳು ಮತ್ತೆ "ಸಾಕು, ಬಿಡು, ಊದು" ಎಂದು ನಿಲ್ಲಿಸಿ, ತಲೆಯನ್ನು ಮೆಲ್ಲಗೆ ಬರಗೊಟ್ಟಳು. ಹೆಣ್ಣುಮಗು.

ಎಷ್ಟೋ ವರ್ಷಗಳ ಮೇಲೆ ಚರಕಸಂಹಿತೆಯ ಅನುವಾದವೊಂದು ಕೈಗೆ ಬಂದಿತು. ಅದರ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ಓದುತ್ತಿದ್ದಾಗ, ಅಕ್ಷರ ಬಾರದ ನಮ್ಮ ಅಜ್ಜಿಯೇ ಎದ್ದು ಬಂದು ಮಾತನಾಡಿದಂತಾಯಿತು. ಬೇನೆ ಬಾರದಿರುವಾಗ ತಿಣುಕಬಾರದೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಸೀನು, ತೇಗು, ಮಲಮೂತ್ರಗಳ ವೇಗ ತಾನಾಗಿ ಬಾರದಿದ್ದಾಗ ಎಷ್ಟು ಪ್ರಯತ್ನಪಟ್ಟರೂ ಹೇಗೆ ವ್ಯರ್ಥವೋ ಹಾಗೆ ಇದೂ ವ್ಯರ್ಥ, ಕೂಸಿಗೂ ಕೇಡು ಎಂದು ಹೋಲಿಕೆ ಕೊಟ್ಟಿದ್ದಾರೆ. ಬೇನೆ ಬಂದಾಗಲೂ ಮೊದಲು ಮೆಲ್ಲಗೆ, ಬರಬರುತ್ತ ಬಲವಾಗಿ ತಿಣುಕಬೇಕಂತೆ. ಬೇನೆ ಹಿಡಿದವಳ ಕೈಗೆ ಒನಕೆ ಕೊಟ್ಟು ಧಾನ್ಯ ಕುಟ್ಟಿಸಬೇಕೆಂಬ ಒಂದು ಮತವನ್ನು ಅಲ್ಲಿಯೇ ಎತ್ತಿ, ಅಂಥ ಶ್ರಮ ಬೇಡ, ಅಡ್ಡಾಡಿಸಿದರೆ ಸಾಕೆಂದು ಆತ್ರೇಯನ ಮಾತಿನಲ್ಲಿ ತಳ್ಳಿಹಾಕಿದೆ. ಬಹುಪ್ರಸವೆಯರಾದ, ಒಲವುಳ್ಳ ಹೆಂಗಸರು ಸುತ್ತ ಕುಳಿತು ಇಂಪಾದ ಮಾತನಾಡುತ್ತಿರಬೇಕೆಂಬುದನ್ನು ಔಷಧದಷ್ಟೇ ಮುಖ್ಯವಾಗಿ ಹೇಳಿದೆ.

ಈ ಕಾಲದ ವೈದ್ಯರು ಇದೇ ಸಂಗತಿಯನ್ನು ಅಳತೆಗಳಿಂದ ಹೇಳುತ್ತಾರೆ. ಅಜ್ಜಿ ಬಾಗಿಲೆಂದದ್ದು ಗರ್ಭಕೋಶದ ಕೊರಳು. ಅದು ತೆಳ್ಳಗಾಗಿ 10 ಸೆಂಟಿಮೀಟರಿನಷ್ಟು ತೆರೆಯಬೇಕು. ಮೊದಮೊದಲು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬರುವ ಬೇನೆ ಕೊನೆಕೊನೆಗೆ ಎರಡು ಮೂರು ನಿಮಿಷಕ್ಕೊಮ್ಮೆ ಬರುತ್ತದೆ. ಒಂದೊಂದೂ ಸುಮಾರು ಒಂದು ನಿಮಿಷ ನಿಲ್ಲುತ್ತದೆ. 5 ಸೆಂಟಿಮೀಟರಿನವರೆಗಿನ ಕಾಲಕ್ಕೆ ಗಡುವೇ ಇಲ್ಲ. ಅಲ್ಲಿಂದ ಪೂರ್ತಿ ತೆರೆಯುವುದಕ್ಕೆ ಚೊಚ್ಚಲಿನವಳಿಗೆ 12 ಗಂಟೆಯಾದರೂ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂದು ಹಿಂದೆ ಇಟ್ಟುಕೊಂಡಿದ್ದ ಲೆಕ್ಕ ಎಲ್ಲರಿಗೂ ಹೊಂದದೆಂದು ಈಗ ಕೈಬಿಟ್ಟಿದ್ದಾರೆ. ತಿಣುಕುವ ಘಟ್ಟ ಬರುವುದು ಆಮೇಲೆ. ಅದು ಚೊಚ್ಚಲಿನವಳಿಗೆ ಸಾಮಾನ್ಯವಾಗಿ ಮೂರು ಗಂಟೆಯೊಳಗೆ, ಮತ್ತೆ ಹೆರುವವಳಿಗೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಪ್ರತಿ ಬೇನೆಗೂ ತಲೆ ಮುಂದೆ ಬಂದು, ಬೇನೆ ಇಳಿದಾಗ ಕೊಂಚ ಹಿಂದೆ ಸರಿಯುವುದುಂಟು. ತಿಳಿಯದವಳು ಪಟ್ಟದ್ದೆಲ್ಲ ನೀರಿನಲ್ಲಿ ಹೋಮವಾಯಿತೆಂದು ಎದೆಗುಂದುತ್ತಾಳೆ. ಹಾಗಲ್ಲ, ಹಿಂದೆ ಮುಂದೆ ಆಡುತ್ತಲೇ ಅದು ದಾರಿ ಮಾಡಿಕೊಳ್ಳುತ್ತದೆ.

ನನ್ನ ಎರಡನೆಯ ಹೆರಿಗೆ 1974ರಲ್ಲಿ, ಒಂದು ಪೇಟೆಯ ಆಸ್ಪತ್ರೆಯಲ್ಲಿ. ಅದರ ಹೆಸರು ಇಲ್ಲಿ ಬೇಡ. ಆ ಕಾಲದಲ್ಲಿ ಎಲ್ಲೆಲ್ಲಿಯೂ ನಡೆಯುತ್ತಿದ್ದುದೇ ಅಲ್ಲಿಯೂ ನಡೆಯಿತು. ನಮ್ಮಮ್ಮನನ್ನು ಬಾಗಿಲಾಚೆ ನಿಲ್ಲಿಸಿದರು. ನನ್ನನ್ನು ಕಬ್ಬಿಣದ ಮೇಜಿನ ಮೇಲೆ ಅಂಗಾತ ಮಲಗಿಸಿ ಕಾಲುಗಳನ್ನು ಮೇಲಕ್ಕೆತ್ತಿ ಕಟ್ಟಿದರು. ಕೊರಳು ತೆರೆದಿದೆಯೆಂದು ಕೈಯಿಟ್ಟು ನೋಡಿದವರು ಹೇಳಿದ್ದೇ ತಡ, ಮೂರು ಕಡೆಯಿಂದ "ಮುಕ್ಕು, ಮುಕ್ಕು, ಉಸಿರು ಬಿಗಿಹಿಡಿ, ಮುಕ್ಕು" ಎಂಬ ಕೂಗು. ನನಗೆ ಮುಕ್ಕಬೇಕೆಂದು ಇನ್ನೂ ಅನ್ನಿಸಿರಲೇ ಇಲ್ಲ. ಹಾಗೆಂದರೆ ಕೇಳುವವರಾರು? ಉಸಿರು ಕಟ್ಟಿ ಮುಕ್ಕಿ ಮುಕ್ಕಿ ಕಣ್ಣಿನ ಬಿಳಿಯಲ್ಲಿ ರಕ್ತ ಇಳಿಯಿತು. ಕೊನೆಗೆ ಒಬ್ಬಾಕೆ ಮೊಣಕೈಯನ್ನು ಹೊಟ್ಟೆಯ ಮೇಲಿಟ್ಟು ಮೈಭಾರ ಬಿಟ್ಟು ಒತ್ತಿದಳು. ಗಂಡುಮಗು. ಒಂದು ತಿಂಗಳು ನೆಟ್ಟಗೆ ಕೂರಲಾರದೆ ಹೋದೆ.

ಇಷ್ಟೇ ಆಗಿದ್ದರೆ ಅಜ್ಜಿಯನ್ನು ಹೊಗಳಿ ಆಸ್ಪತ್ರೆಯನ್ನು ತೆಗಳಿ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ಮಗು ಹುಟ್ಟಿದ ಮೇಲೆ ನನಗೆ ರಕ್ತ ನಿಲ್ಲಲಿಲ್ಲ. ಆಗ ಓಡಿಬಂದು ಸೂಜಿಮದ್ದು ಚುಚ್ಚಿ, ಹನಿಹನಿಯಾಗಿ ರಕ್ತನಾಳಕ್ಕೆ ನೀರು ಹತ್ತಿಸಿ, ಬೆಳಗಿನವರೆಗೆ ಮಂಚದ ಬಳಿಯಲ್ಲಿ ನಿಂತು ನನ್ನನ್ನು ಉಳಿಸಿದವರು ಅದೇ ಕೂಗಾಡಿದ ಹೆಂಗಸರು. ಅದಕ್ಕೆ ಆರು ವರ್ಷ ಮೊದಲು ನಮ್ಮೂರಿನಲ್ಲಿ, ಅದೇ ಅಜ್ಜಿಯ ಕೈಯಲ್ಲಿ, ನನ್ನ ಸೋದರತ್ತೆಯ ಸೊಸೆ ಕಸ ಬೀಳದೆ ರಕ್ತ ಹೋಗಿ ಹೋಗಿಯೇ ತೀರಿಕೊಂಡಿದ್ದಳು. ಅಜ್ಜಿ ಆ ದಿನ ಊಟ ಮಾಡಲಿಲ್ಲವಂತೆ. ಅವಳ ಬಳಿಯಲ್ಲಿ ತಾಳ್ಮೆಯಿದ್ದಿತು, ಮದ್ದು ಇರಲಿಲ್ಲ. ಮದ್ದಿದ್ದ ಕಡೆ ತಾಳ್ಮೆಯಿರಲಿಲ್ಲ. ಎರಡೂ ಒಂದೆಡೆ ಸೇರುವುದಕ್ಕೆ ಇಷ್ಟು ವರ್ಷ ಏಕೆ ಬೇಕಾಯಿತೋ!

ಹಳೆಯದೆಲ್ಲ ಹೊನ್ನೆನ್ನುವವರಿಗೆ ಇನ್ನೊಂದು ಮಾತು. ಹಳ್ಳಿಗಳಲ್ಲಿ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಬಿದಿರಸಿಪ್ಪೆಯಿಂದಲೋ ಕೊಯ್ಯುತ್ತಿದ್ದುದೂ, ಧನುರ್ವಾಯುವಿನಿಂದ ಎಷ್ಟೋ ಕೂಸುಗಳು ಹೆಸರಿಡುವುದಕ್ಕೆ ಮೊದಲೇ ಹೋಗುತ್ತಿದ್ದುದೂ ಹಿರಿಯರಿಗೆಲ್ಲ ನೆನಪಿದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನಾಡೆಲ್ಲ ಬಲ್ಲುದು. 1920ರಲ್ಲಿ ಹುಟ್ಟಿ, ಎಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಸಂದುದು ಸಂತೋಷ. ಆದರೆ ಅಂಥ ಕೈಗಳಲ್ಲಿದ್ದ ತಿಳಿವಳಿಕೆಯನ್ನು ಆಸ್ಪತ್ರೆಯೊಳಕ್ಕೆ ಕರೆದುಕೊಳ್ಳದೆ, ಅವರನ್ನು ಹೊರಗೆ ನಿಲ್ಲಿಸಿ ಹಾರ ಹಾಕಿದೆವು ಎಂದು ನನಗೆ ಅನ್ನಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದವು. ಅದು ಆಗಬೇಕಾದುದೇ. ಇನ್ನು ಸೂಲಗಿತ್ತಿಯ ಗುಣವಿದ್ದರೆ ಆಸ್ಪತ್ರೆಯಲ್ಲಿಯೇ ಇರಬೇಕು. ಬೇರೆಲ್ಲಿಯೂ ಅದಕ್ಕೆ ಸ್ಥಳವಿಲ್ಲ.

ಅಂಗಾತ ಮಲಗಿ ಹೆರುವ ಪದ್ಧತಿ ವಿಜ್ಞಾನದೊಡನೆಯೇ ಹುಟ್ಟಿದುದೆಂದು ನಾನೂ ಬಹುಕಾಲ ನಂಬಿದ್ದೆ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಮೊರಿಸೋ ಎಂಬ ಪ್ರಸಿದ್ಧ ವೈದ್ಯನು ಹೆರಿಗೆಯ ಕುರ್ಚಿಯ ಬದಲು ಹಾಸಿಗೆಯನ್ನು ಎತ್ತಿಹಿಡಿದನು. ಮಾಡಿಸುವವರಿಗೆ ಅದು ಅನುಕೂಲ. ಹೆರುವವಳಿಗೆ ಹಾಗಲ್ಲ. ಅಂಗಾತ ಮಲಗಿದರೆ ತುಂಬಿದ ಗರ್ಭ ಬೆನ್ನೊಳಗಿನ ದೊಡ್ಡ ರಕ್ತನಾಳಗಳ ಮೇಲೆ ಒರಗುತ್ತದೆ. ಕುಕ್ಕುರುಗಾಲಿನಲ್ಲಿ ಕುಳಿತರೆ ಕಟಿಯ ಮೂಳೆಗಳ ನಡುವಣ ದಾರಿ ಕೊಂಚ ಅಗಲವಾಗುತ್ತದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ಲಜ್ಜಾಗೌರಿಯ ಕಲ್ಲಿನ ವಿಗ್ರಹವೊಂದಿದೆ. ತಲೆಯ ಬದಲು ತಾವರೆ, ಮಡಿಸಿ ಅಗಲಿಸಿದ ಮೊಣಕಾಲು. ಅದು ಹೆರುವ ಭಂಗಿಯೆಂದು ಕೆಲವರು, ಸಮೃದ್ಧಿಯ ಸಂಕೇತವೆಂದು ಕೆಲವರು ವಾದಿಸುತ್ತಾರೆ. ನನಗೆ ಮಾತ್ರ ನೋಡಿದ ಕೂಡಲೆ ತೊಲೆಯ ಹಗ್ಗ ನೆನಪಾಯಿತು. ನಮ್ಮ ಬೇಲೂರಿನ ಶಿಲ್ಪಿಗಳು 1117ರಲ್ಲಿ ನಿಂತ ಗುಡಿಗೆ ಕನ್ನಡಿ ಹಿಡಿದವಳನ್ನು, ಕುಣಿಯುವವಳನ್ನು, ಬೇಟೆಗೆ ಹೊರಟವಳನ್ನು ಕೂದಲೆಳೆಯ ನವುರಿನಿಂದ ಕಡೆದರು. ಆ ಮದನಿಕೆಯರಲ್ಲಿ ಬೇನೆ ತಿನ್ನುವ ಒಬ್ಬಳೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸುಂದರಿಯರಿಗೆ ಸೊಂಟವಿರಬಹುದು, ಸೊಂಟನೋವು ಇರಕೂಡದೆಂದು ಕಾಣುತ್ತದೆ!

ನೋವನ್ನು ತಿನ್ನಲೇಬೇಕೆ ಎಂಬ ಪ್ರಶ್ನೆಯೂ ಉಂಟು. ಎಡಿನ್‌ಬರೋ ನಗರದ ವೈದ್ಯ ಸಿಂಪ್ಸನ್ 1847ರಲ್ಲಿ ಹೆರಿಗೆಯಲ್ಲಿ ಈಥರನ್ನೂ ಕ್ಲೋರೋಫಾರ್ಮನ್ನೂ ಕೊಟ್ಟಾಗ, ಹೆಣ್ಣಿಗೆ ದೇವರು ವಿಧಿಸಿದ ನೋವನ್ನು ತಪ್ಪಿಸಬಹುದೇ ಎಂದು ಆಕ್ಷೇಪಿಸಿದವರಿದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ಆ ದನಿ ತಗ್ಗಿತು. ಅದೇ 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್, ವೈದ್ಯರು ಕೈ ತೊಳೆದುಕೊಂಡರೆ ಬಾಣಂತಿಜ್ವರದಿಂದ ಸಾಯುವವರು ಕಡಿಮೆಯಾಗುವರೆಂದು ತೋರಿಸಿದನು. ಅವನ ಮಾತನ್ನು ಒಪ್ಪುವುದಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಇಂಗ್ಲೆಂಡಿನ ಡಿಕ್-ರೀಡ್ ಎಂಬ ವೈದ್ಯನು 1933ರಲ್ಲಿ ಒಂದು ಪುಸ್ತಕ ಬರೆದು, ಭಯದಿಂದ ಬಿಗಿತ, ಬಿಗಿತದಿಂದ ನೋವು ಎಂಬ ಸರಪಣಿಯನ್ನು ವಿವರಿಸಿದನು. ಅದರಲ್ಲಿ ನಿಜವುಂಟು. ಆದರೆ ಭಯವೊಂದನ್ನು ಬಿಟ್ಟರೆ ನೋವೇ ಇರುವುದಿಲ್ಲವೆಂಬಷ್ಟು ದೂರ ಆ ಮತವನ್ನು ಎಳೆದವರ ಮಾತನ್ನು ನಾನು ಒಪ್ಪಲಾರೆ. ಹೆರದ ಗಂಡಸರು ಇಷ್ಟು ಖಂಡಿತವಾಗಿ ಹೇಳಬಾರದು. ಹೆದರದವಳಿಗೂ ನೋವುಂಟು. ಈಗ ಬೆನ್ನುಮೂಳೆಯ ಬಳಿ ಮದ್ದು ಹನಿಸಿ ನೋವನ್ನು ತಗ್ಗಿಸುವ ಎಪಿಡ್ಯೂರಲ್ ದೊಡ್ಡ ಊರುಗಳಲ್ಲಿ ದೊರೆಯುತ್ತದೆ. ಬೇಕೆಂದು ಕೇಳುವವಳನ್ನು ಅಂಜುಬುರುಕಿಯೆನ್ನುವವರಿಗೂ, ಬೇಡವೆನ್ನುವವಳನ್ನು ಹಳೆಯ ಕಾಲದವಳೆನ್ನುವವರಿಗೂ ನನ್ನದು ಒಂದೇ ನಮಸ್ಕಾರ.

ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರಡಿಸಿದ ಸಲಹೆಗಳನ್ನು ನಾನು ಆಸೆಯಿಂದ ಓದಿದೆ. ಆರೋಗ್ಯವಾಗಿರುವವಳು ಬೇನೆಯಲ್ಲಿ ಅಡ್ಡಾಡಲಿ, ಗಂಜಿಯನ್ನೋ ನೀರನ್ನೋ ಕುಡಿಯಲಿ, ತನಗೆ ಹಿತವಾದ ಭಂಗಿಯಲ್ಲಿರಲಿ; ತನ್ನ ಮೈ ಕರೆದಾಗ ಮಾತ್ರ ತಿಣುಕಲಿ; ಹೊಟ್ಟೆಯನ್ನು ಮೇಲಿನಿಂದ ಒತ್ತುವುದು ಬೇಡ; ಎಲ್ಲರಿಗೂ ಕತ್ತರಿ ಹಾಕುವುದು ಬೇಡ; ಅವಳು ಬಯಸಿದ ಒಬ್ಬರು ಜೊತೆಯಲ್ಲಿರಲಿ. ಹೀಗಿದೆ ಆ ಪಟ್ಟಿ. ಜೊತೆಗೊಬ್ಬರಿರಬಹುದೆಂದು ನಮ್ಮ ಕೇಂದ್ರ ಸರ್ಕಾರವೂ 2016ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಿಗೆ ಸೂಚಿಸಿತ್ತು. ಕಾಗದದ ಮೇಲಿನದು ಕೋಣೆಯೊಳಕ್ಕೆ ಬರಬೇಕಾದರೆ ಮನೆಯವರು ಕೇಳಬೇಕು. ಕೇಳುವುದಕ್ಕೆ ತಿಳಿದಿರಬೇಕು.

ಬೇಲೂರಿನಲ್ಲಿರುವ ನನ್ನ ತಂಗಿಯ ಮೊಮ್ಮಗಳು ಹೋದ ವರ್ಷ ತುಂಬಿದ ಬಸುರಿ. ಯಗಚಿಯ ಕಡೆ ಸಂಜೆ ಅಡ್ಡಾಡುತ್ತಿದ್ದಾಗ, ತಗ್ಗಿದ ದನಿಯಲ್ಲಿ "ದೊಡ್ಡಜ್ಜೀ, ತುಂಬ ನೋವಾಗುತ್ತಾ?" ಎಂದು ಕೇಳಿದಳು. "ಆಗುತ್ತೆ ಮಗಳೆ, ತುಂಬ ಆಗುತ್ತೆ" ಎಂದೆ. ಅವಳಿಗೆ ಆಶ್ಚರ್ಯವಾಗಿರಬೇಕು, ಯಾರೂ ಹಾಗೆ ನೇರವಾಗಿ ಹೇಳಿರಲಿಲ್ಲ. ಆಮೇಲೆ ಬೇನೆಯ ನಡುವಣ ಬಿಡುವಿನ ವಿಷಯ, ಊದುವ ವಿಷಯ, ಮುಲುಗುವ ವಿಷಯ ಎಲ್ಲ ಹೇಳಿದೆ. ರಕ್ತ ಹೆಚ್ಚು ಹೋದರೂ, ಕೂಸಿನ ಅಲುಗಾಟ ಕಡಿಮೆಯಾದರೂ, ತಲೆ ಸಿಡಿಯುವಂತೆ ನೋಯುತ್ತ ಕಣ್ಣು ಮಂಜಾದರೂ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಬೇಕೆಂದೂ, ತಾಳ್ಮೆಯೆಂಬುದು ಅಲ್ಲಿ ಸಲ್ಲದೆಂದೂ ಎರಡು ಸಲ ಹೇಳಿದೆ. ಹೊಟ್ಟೆ ಕೊಯ್ದು ತೆಗೆಯಬೇಕಾಗಿ ಬಂದರೆ ಅದು ಅವಳ ಸೋಲಲ್ಲವೆಂಬುದನ್ನೂ ಹೇಳಿದೆ.

ಹೆರಿಗೆಯ ಕೋಣೆಗೆ ಒಬ್ಬರನ್ನು ಬಿಡುವೆವೆಂದು ಆಸ್ಪತ್ರೆಯವರು ಒಪ್ಪಿದ್ದರು. ಆ ಒಬ್ಬರು ಯಾರೆಂದು ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಅವಳ ತಾಯಿ ತನ್ನನ್ನೇ ಎಂದುಕೊಂಡಿದ್ದಳು; ಗಂಡನಿಗೂ ಒಳಗೊಳಗೆ ಆಸೆಯಿದ್ದಂತಿತ್ತು; ಇಷ್ಟೆಲ್ಲ ಉಪದೇಶ ಮಾಡಿದ ನನ್ನನ್ನು ಕರೆದಾಳೆಂದು ನಾನೂ ಒಂದು ಸೀರೆಯನ್ನು ಚೀಲದಲ್ಲಿ ಮಡಿಸಿಟ್ಟುಕೊಂಡಿದ್ದೆ. ಅವಳು ಅತ್ತೆಯನ್ನು ಕರೆದುಕೊಂಡು ಹೋದಳು. "ಅಮ್ಮ ಅಳ್ತಾಳೆ, ಇವರು ತಲೆಸುತ್ತಿ ಬೀಳ್ತಾರೆ, ನೀನು ಮಾತಾಡ್ತೀಯ. ಅತ್ತೆ ಸುಮ್ಮನೆ ಸೊಂಟ ಒತ್ತುತ್ತಾರೆ" ಎಂದಳು. ಹದಿನಾಲ್ಕು ಗಂಟೆ ಆ ಹೆಂಗಸು ಹಾಗೆಯೇ ಒತ್ತಿದಳಂತೆ.